ಸೊನ್ನೆಗಳ ಲೆಕ್ಕ

"ನಿಮ್ಮ ತಂದೆಯ ತಾಯಿ ಏನಾಗಿ ತೀರಿಕೊಂಡರು?"

ಮನೆತನದಲ್ಲಿ ಹರಿದು ಬರುವ ಕಾಯಿಲೆಗಳ ಲೆಕ್ಕ ನೋಡುವ ಜೆನೆಟಿಕ್ ಕೌನ್ಸೆಲರ್ ಹಾಗೆ ಕೇಳಿದಾಗ ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. "ಹೊಟ್ಟೆನೋವು ಅನ್ಸುತ್ತೆ" ಅಂದಳು ಅಕ್ಕ. "ಇಲ್ಲ ಕಣೇ, ಹೊಟ್ಟೆ ಉಬ್ಬರ ಅಂತಿದ್ರು" ಅಂದೆ ನಾನು. ಕೌನ್ಸೆಲರ್ ವಯಸ್ಸಿನಲ್ಲಿ ನಮಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ಪೆನ್ಸಿಲ್ ಎತ್ತಿ ಹಿಡಿದುಕೊಂಡು ಕಾಯುತ್ತಿದ್ದರು. ನಮ್ಮಿಂದ ಇನ್ನೇನೂ ಬರಲ್ಲ ಅಂತ ಗೊತ್ತಾದ ಮೇಲೆ ಒಂದು ಸೊನ್ನೆ ಬರೆದು, ಅದರ ಮೇಲೆ ಓರೆಯಾಗಿ ಒಂದು ಗೆರೆ ಎಳೆದು, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದರು.

ಮೇಜಿನ ಮೇಲೆ ಅಡ್ಡಡ್ಡ ಇಟ್ಟಿದ್ದ ಬಿಳಿ ಹಾಳೆ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಕ್ಯಾನ್ಸರ್ ಬಂದವರದ್ದನ್ನು ಪೂರ್ತಿ ಕಪ್ಪು ತುಂಬಿಸುತ್ತಾರೆ. ಸತ್ತವರ ಮೇಲೆ ಓರೆ ಗೆರೆ. ಅಕ್ಕನ ಸೊನ್ನೆಯನ್ನು ತುಂಬಿಸಿ ಅದರ ಕಡೆಗೊಂದು ಬಾಣ ಹಾಕಿದ್ದರು. ಲೆಕ್ಕ ಶುರುವಾಗಿದ್ದು ಇಲ್ಲಿಂದ ಅನ್ನೋದಕ್ಕೆ ಆ ಬಾಣ ಅಂತೆ. ಅಪ್ಪನ ತಂಗಿ, ನಮ್ಮ ಸೋದರತ್ತೆ, 1998ರಲ್ಲಿ ಹೋದವರು. "ಅವರಿಗೆ ಎದೆ ಹುಣ್ಣಾಗಿತ್ತು" ಅಂದೆವು. "ಹುಣ್ಣಾ, ಗಂಟಾ?" ಅಂದರು. ಮೊದಲು ಗಂಟೇ ಇದ್ದಿರಬೇಕು. ಒಂದು ವರ್ಷ ಸೆರಗಿನ ಕೆಳಗೆ ಮುಚ್ಚಿಟ್ಟುಕೊಂಡು, ನಾಟಿ ಔಷಧಿ ಹಚ್ಚಿಕೊಂಡು, ಅದು ಒಡೆದ ಮೇಲೆ ನಮಗೆಲ್ಲ ಗೊತ್ತಾಗಿದ್ದು. ಆ ಸೊನ್ನೆಯೂ ಕಪ್ಪಾಯಿತು.

ಅಕ್ಕನಿಗೆ 2022ರಲ್ಲಿ, 42ನೇ ವಯಸ್ಸಿಗೆ, ಸ್ತನದ ಕ್ಯಾನ್ಸರ್ ಬಂತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಯಿತು. ಅದರ ಕಥೆ ಇಲ್ಲಿ ಬೇಡ, ಅದನ್ನ ಅವಳೇ ಬರೆಯಬೇಕು. ನಾನು ಹೇಳಬೇಕಾಗಿರೋದು ಮೊದಲ ದಿನ ಅವಳು ತುಂಬಿದ ಫಾರಂ ಬಗ್ಗೆ. ಅದರಲ್ಲಿ "ತಾಯಿಗೆ ಅಥವಾ ಅಕ್ಕತಂಗಿಯರಿಗೆ ಸ್ತನದ ಕ್ಯಾನ್ಸರ್ ಇತ್ತೇ?" ಅಂತ ಒಂದೇ ಸಾಲು ಇತ್ತು. ಅಮ್ಮನಿಗೆ ಇಲ್ಲ, ನನಗಿಲ್ಲ. ಅಕ್ಕ "ಇಲ್ಲ" ಅಂತ ಟಿಕ್ ಮಾಡಿದಳು. ಅಲ್ಲಿಗೆ ಮುಗಿಯಿತು. ಅಪ್ಪನ ಕಡೆಯ ಹೆಂಗಸರ ಬಗ್ಗೆ ಒಂದು ವರ್ಷ ಯಾರೂ ಕೇಳಲಿಲ್ಲ. ಮೊಲೆಯ ಕಾಯಿಲೆ ಅಲ್ವಾ, ತಾಯಿಯಿಂದ ಮಗಳಿಗೆ ಬರುತ್ತೆ ಅಂತ ನಾವೂ ಅಂದುಕೊಂಡಿದ್ದೆವು. ಆಮೇಲೆ ಬೇರೆ ಊರಿನ ಡಾಕ್ಟರೊಬ್ಬರು ಫೈಲ್ ನೋಡಿ, "ಇಷ್ಟು ಚಿಕ್ಕ ವಯಸ್ಸಿಗೆ ಬಂದಿದೆ, ಜೀನ್ ಟೆಸ್ಟ್ ಮಾಡಿಸಿದ್ದೀರಾ?" ಅಂದರು.

ಟೆಸ್ಟ್ ಅಂದರೆ ಭಾರೀ ಏನೂ ಇಲ್ಲ. ನೇರಳೆ ಮುಚ್ಚಳದ ಒಂದು ಟ್ಯೂಬಿನಲ್ಲಿ ಒಂದಿಷ್ಟು ರಕ್ತ. ಇಪ್ಪತ್ತು ಸಾವಿರದ ಮೇಲೆ ದುಡ್ಡು. ಮೂರು ನಾಲ್ಕು ವಾರ ಕಾಯೋದು. ರಿಪೋರ್ಟ್ ಬಂದಿದ್ದು ಒಂದು ಶನಿವಾರ ಸಂಜೆ, ವಾಟ್ಸಾಪಿನಲ್ಲಿ, ಪಿಡಿಎಫ್ ಆಗಿ. ಜೊತೆಗೆ ಒಂದು ಫೋನ್ ಇಲ್ಲ, ಒಂದು ಮಾತಿಲ್ಲ. ಹನ್ನೊಂದು ಪುಟ. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಪಾಸಿಟಿವ್ ಅಂತ. ಬಿಆರ್‌ಸಿಎ2. ಅದರ ಕೆಳಗೆ ಇನ್ನೊಂದು ಜೀನಿನ ಹೆಸರು, ಎದುರಿಗೆ 'ಅರ್ಥ ಖಚಿತವಿಲ್ಲದ ಬದಲಾವಣೆ' ಅನ್ನೋ ಅರ್ಥ ಬರುವ ಇಂಗ್ಲಿಷ್ ಸಾಲು. ಆ ರಾತ್ರಿ ಅಕ್ಕನನ್ನು ಜಾಸ್ತಿ ಹೆದರಿಸಿದ್ದು ಮೊದಲನೆಯದ್ದಲ್ಲ, ಈ ಎರಡನೆಯದ್ದು. "ಇವರಿಗೇ ಗೊತ್ತಿಲ್ಲದ್ದು ಏನೋ ನನ್ನೊಳಗಿದೆ ಅಂತೆ ಕಣೇ" ಅಂತ ಹನ್ನೊಂದು ಗಂಟೆಗೆ ಫೋನ್ ಮಾಡಿದಳು.

ಕೌನ್ಸೆಲರ್ ಸಿಕ್ಕಿದ್ದು ಆಮೇಲೆ, ನಾವೇ ಹುಡುಕಿಕೊಂಡು ಹೋಗಿ. ಆ ಎರಡನೇ ಸಾಲನ್ನು ಸದ್ಯಕ್ಕೆ ಮರೆತುಬಿಡಿ ಅಂದರು. ಅಂಥ ಬದಲಾವಣೆಗಳಲ್ಲಿ ಹೆಚ್ಚಿನವು ಕೊನೆಗೆ ನಿರುಪದ್ರವಿ ಅಂತಲೇ ತೀರ್ಮಾನ ಆಗುತ್ತವಂತೆ. ಅದನ್ನ ನೋಡಿಕೊಂಡು ಯಾರೂ ಆಪರೇಷನ್ ಮಾಡಿಸಿಕೊಳ್ಳಬಾರದು. ನಮ್ಮಂಥವರ ರಿಪೋರ್ಟಿನಲ್ಲಿ ಈ ಸಾಲು ಜಾಸ್ತಿ ಬರೋದಕ್ಕೂ ಕಾರಣ ಇದೆ. ಜಗತ್ತಿನ ಜೀನ್ ಪಟ್ಟಿಗಳಲ್ಲಿ ತುಂಬಿರೋದು ಯುರೋಪ್ ಮೂಲದವರು. ಹೊಸದುರ್ಗದ ಹೆಂಗಸಿನ ರಕ್ತದಲ್ಲಿ ಒಂದು ಅಕ್ಷರ ಬೇರೆ ಕಂಡರೆ, ಅದು ಕಾಯಿಲೆಯದ್ದೋ, ಸುಮ್ನೆ ನಮ್ಮ ಕಡೆಯವರೆಲ್ಲರಲ್ಲೂ ಇರುವಂಥದ್ದೋ ಅಂತ ಹೋಲಿಸಿ ನೋಡೋಕೆ ನಮ್ಮವರ ಪಟ್ಟಿ ಬೇಕಲ್ಲ? ಈಗ ಆ ಕೆಲಸ ಆಗುತ್ತಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಮುಂದೆ ನಿಂತು, ದೇಶದ 20 ಸಂಸ್ಥೆಗಳು ಸೇರಿ, ಸುಮಾರು 10 ಸಾವಿರ ಭಾರತೀಯರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿವೆ. 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ತೆರೆದಿಟ್ಟರು. ಅಕ್ಕನ ಆ ಎರಡನೇ ಸಾಲಿಗೂ ಮುಂದೊಂದು ದಿನ ಅರ್ಥ ಸಿಗಬಹುದು.

ಮೊದಲನೇ ಸಾಲಿನ ಅರ್ಥ ಮಾತ್ರ ಆಗಲೇ ಗೊತ್ತಿತ್ತು. ಅದನ್ನ ಅಪ್ಪನಿಗೆ ಹೇಗೆ ಹೇಳೋದು ಅಂತ ಯೋಚಿಸಿ ನಾನೊಂದು ದಾರಿ ಹುಡುಕಿಕೊಂಡೆ. ನಮ್ಮೂರಲ್ಲಿ ಕೆರೆ ಏರಿ ಕಾಯೋಕೆ ನೀರುಗಂಟಿ ಇದ್ದನಲ್ಲ, ಹಾಗೆ ಅಂದೆ. ಏರಿಯಲ್ಲಿ ದಿನಾ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತೆ. ಇಲಿ ಬಿಲ ತೋಡುತ್ತೆ, ಏಡಿ ಕೊರೆಯುತ್ತೆ. ನೀರುಗಂಟಿ ನೋಡಿ ಮಣ್ಣು ಮೆತ್ತುತ್ತಾನೆ. ಮೈಯ ಪ್ರತಿ ಕಣದಲ್ಲೂ ಡಿಎನ್‌ಎ ಹೀಗೇ ದಿನಾ ಮುರಿಯುತ್ತೆ. ಮುರಿದಿದ್ದನ್ನು ಸರಿಯಾಗಿ ಕೂಡಿಸೋ ಕೆಲಸದವರಲ್ಲಿ ಬಿಆರ್‌ಸಿಎ2 ಒಬ್ಬ. ಎಲ್ಲರಿಗೂ ಇಬ್ಬಿಬ್ಬರು ನೀರುಗಂಟಿಗಳು, ಅಪ್ಪನ ಕಡೆಯಿಂದ ಒಬ್ಬ, ಅಮ್ಮನ ಕಡೆಯಿಂದ ಒಬ್ಬ. ಅಕ್ಕನಿಗೆ ಹುಟ್ಟಿನಿಂದಲೇ ಒಬ್ಬನೇ. ಒಬ್ಬನಿದ್ದರೂ ಕೆಲಸ ನಡೆಯುತ್ತೆ. ಆದರೆ ಯಾವುದೋ ಒಂದು ಕಣದಲ್ಲಿ ಅವನೂ ಮಲಗಿಬಿಟ್ಟರೆ ಆ ಏರಿಯನ್ನು ಕೇಳೋರಿಲ್ಲ.

ಅಪ್ಪ ಸಹಕಾರ ಸಂಘದಲ್ಲಿ ಕಾರ್ಯದರ್ಶಿ ಆಗಿದ್ದವರು. ಪೂರ್ತಿ ಕೇಳಿಸಿಕೊಂಡು ಲೆಕ್ಕದ ಪ್ರಶ್ನೆಯನ್ನೇ ಕೇಳಿದರು. "ಹಂಗಾದ್ರೆ ಆ ಇನ್ನೊಬ್ಬ ಯಾರ ಕಡೆಯಿಂದ ಬರ್ಲಿಲ್ಲ? ನನ್ನ ಕಡೆಯಿಂದಲೋ, ನಿಮ್ಮಮ್ಮನ ಕಡೆಯಿಂದಲೋ?"

ಅಷ್ಟು ಹೊತ್ತಿಗೆ ಅಮ್ಮ ಒಳಗೆ ಅಳುತ್ತಿದ್ದಳು. ಕಾಯಿಲೆ ಮಗಳಿಗೆ ತಾಯಿಯಿಂದಲೇ ಬಂದಿರೋದು ಅಂತ ಅವಳೇ ತೀರ್ಮಾನ ಮಾಡಿಕೊಂಡಾಗಿತ್ತು. ಅಪ್ಪನ ರಕ್ತ ಪರೀಕ್ಷೆ ಆಯಿತು. ಗೊತ್ತಿರೋ ಒಂದೇ ಬದಲಾವಣೆಯನ್ನು ಹುಡುಕೋದಾದ್ದರಿಂದ ಖರ್ಚು ತುಂಬಾ ಕಡಿಮೆ. ಅಪ್ಪನಲ್ಲಿ ಸಿಕ್ಕಿತು. ರಿಪೋರ್ಟ್ ಕೈಯಲ್ಲಿ ಹಿಡಿದು, "ನನ್ನಿಂದ ಬಂತೇನಮ್ಮ?" ಅಂದರು. ನಲವತ್ಮೂರು ವರ್ಷದಲ್ಲಿ ಅಪ್ಪ ನನ್ನನ್ನು ಅಂಥ ದನಿಯಲ್ಲಿ ಏನನ್ನೂ ಕೇಳಿದವರಲ್ಲ. ನಾನು ಹೇಳಿದೆ, ನಿಮ್ಮಿಂದ ಬಂದಿದ್ದಲ್ಲ ಅಪ್ಪ, ನಿಮ್ಮ ಮೂಲಕ ಬಂದಿದ್ದು ಅಂತ. ಅದನ್ನ ಕೌನ್ಸೆಲರ್ ಹೇಳಿಕೊಟ್ಟಿದ್ದರು. ನಿಜವಾದ ಮಾತೇ. ಆದರೂ ಆ ಹೊತ್ತಿಗೆ ಅದು ಬಾಯಿಪಾಠದ ಹಾಗೇ ಕೇಳಿಸಿತು.

ಅಪ್ಪನಿಗೂ ಇದು ಬರೀ ಸಾಗಿಸುವ ಕೆಲಸ ಅಲ್ಲ. ಬಿಆರ್‌ಸಿಎ2 ಕೆಟ್ಟಿರುವ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ. ಸ್ತನದ ಕ್ಯಾನ್ಸರೂ ಅಂಥ ನೂರು ಗಂಡಸರಲ್ಲಿ ಏಳು ಜನದವರೆಗೆ ಬರಬಹುದು. "ನನಗೂನಾ? ಎದೆಯಲ್ಲಾ?" ಅಂತ ಅಪ್ಪ ಶರ್ಟಿನ ಗುಂಡಿ ಮುಟ್ಟಿ ನೋಡಿಕೊಂಡರು. ಈಗ ವರ್ಷಕ್ಕೊಮ್ಮೆ ಪ್ರಾಸ್ಟೇಟಿಗೆ ಅಂತ ಪಿಎಸ್‌ಎ ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಹಾಗಾದರೆ ಅಪ್ಪನಿಗೆ ಎಲ್ಲಿಂದ ಬಂತು? ಹಾಳೆಯ ಮೇಲಿದ್ದ ಆ ಪ್ರಶ್ನೆ ಚಿಹ್ನೆಗೆ ಮತ್ತೆ ಬಂದೆವು.

ನಮ್ಮ ಕಡೆ ಹೆಳವರು ಬರುತ್ತಾರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮನೆತನದ ವಂಶಾವಳಿ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಂದು, ಮನೆ ಮುಂದೆ ನಿಂತು ಓದುವವರು. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸಿಕೊಂಡು ಬರುತ್ತಿದ್ದರು. ನಮ್ಮ ಮನೆಗೆ ಬರುವವರು ಈಗ ಬೈಕಿನಲ್ಲಿ ಬರುತ್ತಾರೆ, ಪುಸ್ತಕ ಮಾತ್ರ ಅದೇ ಕೆಂಪು ಬಟ್ಟೆಯಲ್ಲಿ ಸುತ್ತಿರುತ್ತೆ. ಯಾವ ಊರಿಂದ ನಮ್ಮವರು ಎದ್ದು ಬಂದರು, ಯಾವ ಬರಗಾಲದಲ್ಲಿ ಬಂದರು, ನಮ್ಮ ಬೆಡಗು, ಅಂದರೆ ಕುಲದ ಕವಲು, ಯಾವುದು, ಮುತ್ತಾತನ ಮುತ್ತಾತ ಯಾರು, ಅವನಿಗೆ ಎಷ್ಟು ಜನ ಗಂಡುಮಕ್ಕಳು. ರಾಗವಾಗಿ ಓದಿದರೆ ಮೈ ಜುಮ್ ಅನ್ನುತ್ತೆ. ಓದಿದ ಮೇಲೆ ಕಾಳು, ದುಡ್ಡು, ಬಟ್ಟೆ ಕೊಟ್ಟು ಕಳಿಸುತ್ತೇವೆ. ಏಳು ತಲೆಮಾರು ನಮಗೆ ಹೀಗೆ ಗೊತ್ತು.

ಅಕ್ಕನ ರಿಪೋರ್ಟ್ ಬಂದ ವರ್ಷ ಅವರು ಬಂದಾಗ ನಾನು ಊರಲ್ಲೇ ಇದ್ದೆ. ಅಪ್ಪನ ಹೆಸರು ಓದಿದರು, ಚಿಕ್ಕಪ್ಪನ ಹೆಸರು ಓದಿದರು. ತಮ್ಮನ ಮಗನನ್ನು ಹೊಸದಾಗಿ ಬರೆದುಕೊಂಡರು. ನಾನು ಅಜ್ಜಿ ಹೆಸರು ಕೇಳಿದೆ. ಹಾಳೆ ತಿರುಗಿಸಿದರು. ಅಜ್ಜನ ಹೆಸರಿನ ಮುಂದೆ ಹೆಂಡತಿಯ ಊರು ಮಾತ್ರ ಇತ್ತು. "ಹಿರಿಯೂರು ಸೀಮೆಯಿಂದ ತಂದದ್ದು" ಅಂತ. ಹೆಸರಿಲ್ಲ. "ಹೆಣ್ಣುಮಕ್ಕಳು ಹೋದ ಮನೆಯ ಲೆಕ್ಕದಲ್ಲಿ ಬರ್ತಾರಮ್ಮ" ಅಂದರು. ಹೋದ ಮನೆಯೇ ನಮ್ಮದಲ್ಲವಾ ಅಂದೆ. ನಕ್ಕರು ಪಾಪ, ಅವರದೇನು ತಪ್ಪು. ಅವರಿಗೆ ಪುಸ್ತಕ ಬಂದಿದ್ದು ಹಾಗೆ.

ಇದನ್ನ ಯಾಕೆ ಹೇಳಿದೆ ಅಂದರೆ, ಮದುವೆಯಾದ ದಿನ ಬೆಡಗು ಬದಲಾಗುತ್ತೆ, ಜೀನ್ ಬದಲಾಗಲ್ಲ. ಹಿರಿಯೂರು ಸೀಮೆಯಿಂದ ಬಂದ ಅಜ್ಜಿ ಏನು ತಂದಳು ಅಂತ ಬರೆದಿಟ್ಟ ಪುಸ್ತಕ ಇಲ್ಲ. ನಮ್ಮ ಮನೆಯ ಈ ಸಮಾಚಾರಕ್ಕೆ ಬೇಕಾಗಿದ್ದು ಆ ಪುಸ್ತಕವೇ.

ಕೊನೆಗೆ ಅಪ್ಪನನ್ನು ಕರೆದುಕೊಂಡು ಅಜ್ಜಿಯ ತವರಿಗೆ ಹೋದೆ. ಅಪ್ಪ ಅಲ್ಲಿಗೆ ಹೋಗಿ ಮೂವತ್ತು ವರ್ಷ ಆಗಿತ್ತಂತೆ. ಅಪ್ಪನ ಸೋದರಮಾವ ತೀರಿಕೊಂಡಿದ್ದರು. ಅವರ ಹೆಂಡತಿ ಇದ್ದರು, ಎಂಬತ್ತು ದಾಟಿದವರು. ಜಗಲಿ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸಲೇ ಇಲ್ಲ. ಅಜ್ಜಿ ಏನಾಗಿ ಹೋದಳು ಅಂತ ಕೇಳಿದೆ. ಹೊಟ್ಟೆಯಲ್ಲಿ ನೀರು ತುಂಬಿಕೊಳ್ತಿತ್ತು ಅಂದರು. ಬಸುರಿ ಹೆಂಗಸಿನ ಹಾಗೆ ಹೊಟ್ಟೆ. ದಾವಣಗೆರೆಗೆ ಹೋಗಿ ನೀರು ತೆಗೆಸಿಕೊಂಡು ಬರೋದು, ಹದಿನೈದು ದಿನಕ್ಕೆ ಮತ್ತೆ ತುಂಬೋದು. ಮೈಯೆಲ್ಲ ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. 55 ವಯಸ್ಸು. ಇದು ಅಂಡಾಶಯದ ಕ್ಯಾನ್ಸರೇ ಇದ್ದಿರಬೇಕು ಅಂತ ಕೌನ್ಸೆಲರ್ ಆಮೇಲೆ ಅಂದರು. ಕಾಗದ ಪತ್ರ ಒಂದೂ ಇಲ್ಲದ್ದರಿಂದ ಅಷ್ಟೇ ಹೇಳಬಹುದು.

"ಅವಳೊಬ್ಬಳೇ ಅಲ್ಲ ಕಣಮ್ಮ" ಅಂದರು ಆ ಅಜ್ಜಿ. "ಅವಳ ತಂಗಿಗೂ ಹಂಗೇ ಆಯ್ತು. ಅವರ ಸೋದರತ್ತೆಗೆ ಎದೇಲಿ ಹುಣ್ಣು. ಈ ಮನೆ ಹೆಣ್ಣುಮಕ್ಕಳು ಐವತ್ತು ದಾಟೋದು ಕಷ್ಟ. ಹಿಂದೆ ಯಾರೋ ಹುತ್ತ ಕೆಡವಿ ಗೋಡೆ ಕಟ್ಟಿದ್ರಂತೆ, ನಾಗಪ್ಪನ ಶಾಪ." ಒಂದು ಬೀಜ ಬಿಡಿಸಿ ಮೊರಕ್ಕೆ ಹಾಕಿದರು. "ನಾನು ಸೊಸೆ. ಅದಕ್ಕೇ ಉಳಿದೀನಿ."

ಹಿಂದೆ ಬರುವಾಗ ಬಸ್ಸಿನಲ್ಲಿ ಆ ಮಾತನ್ನೇ ಯೋಚಿಸುತ್ತಾ ಬಂದೆ. ಮನೆ ಹೆಣ್ಣುಮಕ್ಕಳಿಗೆ ತಗಲುತ್ತೆ, ಸೊಸೆಯರಿಗೆ ತಗಲಲ್ಲ. ಶಾಪ ಅನ್ನೋ ಒಂದು ಮಾತು ತೆಗೆದರೆ ಉಳಿದಿದ್ದೆಲ್ಲ ಸರಿಯಾದ ಲೆಕ್ಕವೇ. ಶಾಲೆಗೆ ಹೋಗದ ಹೆಂಗಸು ಜಗಲಿ ಮೇಲೆ ಕೂತು, ಮೂರು ತಲೆಮಾರು ನೋಡಿ ಕಂಡುಕೊಂಡಿದ್ದು.

ಇಂಥದ್ದು ನಮ್ಮಲ್ಲಿ ಮಾತ್ರ ಅಲ್ಲ. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಅನ್ನೋ ಪೆಥಾಲಜಿ ಡಾಕ್ಟರಿಗೆ, ಅವರ ಮನೆಯ ಬಟ್ಟೆ ಹೊಲಿಯುತ್ತಿದ್ದ ಹೆಂಗಸು ಹೇಳಿದಳಂತೆ, ನಾನು ಬೇಗ ಸಾಯ್ತೀನಿ, ಗರ್ಭಕೋಶದ್ದೋ ಕರುಳಿನದ್ದೋ ಕ್ಯಾನ್ಸರ್ ಬಂದು, ನಮ್ಮ ಮನೆಯವರೆಲ್ಲ ಹಾಗೇ ಹೋಗೋದು ಅಂತ. ವಾರ್ಥಿನ್ ನಗಲಿಲ್ಲ. ಅವಳನ್ನೇ ಕೂರಿಸಿಕೊಂಡು ಆ ಮನೆತನದ ವಂಶಾವಳಿ ಬರೆದರು, 1913ರಲ್ಲಿ ಪ್ರಕಟಿಸಿದರು. ಅವಳು ಹೇಳಿದ ಹಾಗೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. 1960ರ ದಶಕದಲ್ಲಿ ಹೆನ್ರಿ ಲಿಂಚ್ ಅನ್ನೋ ಡಾಕ್ಟರು ಆ ಎಳೆ ಹಿಡಿದು ಮುಂದುವರಿಸಿದರು. ಆ ಮನೆತನದಲ್ಲಿ ಹರಿದು ಬಂದ ಕಾಯಿಲೆಯನ್ನು ಈಗ ಲಿಂಚ್ ಸಿಂಡ್ರೋಮ್ ಅನ್ನುತ್ತಾರೆ. ಹೊಲಿಗೆಯವಳ ಹೆಸರು ಕಾಯಿಲೆಗೆ ಬರಲಿಲ್ಲ ಅನ್ನೋದನ್ನ ಬೇರೆ ಹೇಳಬೇಕಾಗಿಲ್ಲ.

ಅಮೆರಿಕದ ಜೀನ್ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಅವರದ್ದೂ ಇದೇ ದಾರಿ. ಸ್ತನದ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ಒಂದೇ ಜೀನಿನ ಜೊತೆ ಹರಿದು ಬರುತ್ತೆ ಅಂತ ಅವರು ಹಿಡಿದು ಕೂತಾಗ ನಂಬಿದವರು ಕಡಿಮೆ. ವರ್ಷಗಟ್ಟಲೆ ಮನೆತನಗಳ ವಂಶಾವಳಿ ಕೂಡಿಸಿ, 1990ರಲ್ಲಿ, ಅದು 17ನೇ ಕ್ರೋಮೋಸೋಮಿನಲ್ಲಿದೆ ಅಂತ ತೋರಿಸಿದರು. 1994ರಲ್ಲಿ ಆ ಜೀನ್, ಬಿಆರ್‌ಸಿಎ1, ಸಿಕ್ಕಿತು. ಮರುವರ್ಷ 13ನೇ ಕ್ರೋಮೋಸೋಮಿನಲ್ಲಿ ಬಿಆರ್‌ಸಿಎ2, ನಮ್ಮ ಮನೆಯದ್ದು. ಇದೇ ಕಿಂಗ್ 1984ರಿಂದ ಇನ್ನೊಂದು ಕೆಲಸಕ್ಕೂ ಕೈಹಾಕಿದ್ದರು. ಅರ್ಜೆಂಟೀನಾದಲ್ಲಿ ಸೈನ್ಯದ ಆಡಳಿತ ಇದ್ದಾಗ ತಂದೆ ತಾಯಿಯರನ್ನು ಕೊಂದು ಮಕ್ಕಳನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಆ ಮಕ್ಕಳ ಅಜ್ಜಿಯರು ಹುಡುಕುತ್ತಿದ್ದರು. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಇದೆಯಲ್ಲ, ಅದನ್ನ ಅಜ್ಜಿಯರದ್ದಕ್ಕೂ ಮೊಮ್ಮಕ್ಕಳದ್ದಕ್ಕೂ ಹೋಲಿಸಿ ಕಿಂಗ್ ಗುರುತು ಹಿಡಿಯೋಕೆ ನೆರವಾದರು. ನಮ್ಮ ಹೆಳವರ ಪುಸ್ತಕದಲ್ಲಿ ಇಲ್ಲದ ಸಾಲು ಅದು.

ಹಾಲಿವುಡ್ ನಟಿ ಆಂಜಲೀನಾ ಜೋಲಿ, ತನಗೆ ಬಿಆರ್‌ಸಿಎ1 ಕೆಟ್ಟಿದೆ, ಅದಕ್ಕೇ ಸ್ತನ ತೆಗೆಸಿಕೊಂಡೆ ಅಂತ 2013ರಲ್ಲಿ ಪತ್ರಿಕೆಯಲ್ಲಿ ಬರೆದ ಮೇಲೆ ಈ ಟೆಸ್ಟಿನ ಹೆಸರು ಊರೂರಿಗೆ ಗೊತ್ತಾಯಿತು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟ್, ಮೈಯಲ್ಲಿ ತಾನಾಗಿ ಇರುವ ಜೀನಿನ ಮೇಲೆ ಯಾವ ಕಂಪನಿಯೂ ಪೇಟೆಂಟ್ ಇಟ್ಟುಕೊಳ್ಳೋ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಅಲ್ಲಿಯವರೆಗೆ ಅಲ್ಲಿ ಈ ಟೆಸ್ಟಿಗೆ ಮೂರು ಸಾವಿರ ಡಾಲರಿಗೂ ಜಾಸ್ತಿ ಆಗುತ್ತಿತ್ತು. ನನಗೆ ಎರಡನೆಯದ್ದೇ ದೊಡ್ಡ ಸುದ್ದಿ ಅನ್ನಿಸುತ್ತೆ.

ಇದನ್ನ ಓದಿ ಎಲ್ಲರೂ ಲ್ಯಾಬಿಗೆ ಓಡಬೇಕಾಗಿಲ್ಲ. ಸ್ತನದ ಕ್ಯಾನ್ಸರ್ ಬಂದ ನೂರು ಜನರಲ್ಲಿ ಐದರಿಂದ ಹತ್ತು ಜನಕ್ಕೆ ಮಾತ್ರ ಅದು ಹೀಗೆ ಮನೆತನದಿಂದ ಬಂದಿರುತ್ತೆ. ಅಂಡಾಶಯದ್ದರಲ್ಲಿ ಅದಕ್ಕಿಂತ ಜಾಸ್ತಿ. ಹಾಗಾಗಿ ಅಂಡಾಶಯದ ಕ್ಯಾನ್ಸರ್ ಬಂದವರು ಮನೆಯಲ್ಲಿದ್ದರೆ, ಚಿಕ್ಕ ವಯಸ್ಸಿಗೆ ಸ್ತನದ್ದು ಬಂದವರಿದ್ದರೆ, ಗಂಡಸರಿಗೇ ಸ್ತನದ್ದು ಬಂದಿದ್ದರೆ ಕೇಳಲೇಬೇಕು. ಇನ್ನೊಂದು ಮಾತು, ಮೊದಲು ಟೆಸ್ಟ್ ಮಾಡಿಸಬೇಕಾದ್ದು ಕಾಯಿಲೆ ಬಂದವರಿಗೆ. ಅಕ್ಕನ ಬದಲು ನಾನು ಮೊದಲು ಹೋಗಿ ನೆಗೆಟಿವ್ ಅಂತ ಬಂದಿದ್ದರೆ ಏನು ಅರ್ಥ? ಮನೆಯಲ್ಲಿ ಏನೂ ಇಲ್ಲವೋ, ಇದ್ದದ್ದು ನನಗೆ ಬರಲಿಲ್ಲವೋ, ಟೆಸ್ಟಿಗೆ ಕಾಣಲಿಲ್ಲವೋ ಗೊತ್ತಾಗಲ್ಲ.

ಹೌದು, ನನ್ನದು ನೆಗೆಟಿವ್ ಬಂತು. ಅಪ್ಪನಿಂದ ನನಗೆ ಒಳ್ಳೆಯ ಪ್ರತಿ ಬಂದಿದೆ, ಅಕ್ಕನಿಗೆ ಕೆಟ್ಟದ್ದು. ನಾಣ್ಯ ಚಿಮ್ಮಿದ ಹಾಗೆ. ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವಳು "ಅಬ್ಬಾ, ಸದ್ಯ" ಅಂದಳು. ನಿಜವಾಗಿಯೂ ಸಂತೋಷಪಟ್ಟಳು. ನನಗೆ ಮಾತ್ರ ಅವಳ ಪಾಲಿನ ತಟ್ಟೆಯಿಂದ ಹೋಳಿಗೆ ಕದ್ದ ಹಾಗಾಯಿತು. ಅದಕ್ಕೇ ಇರಬೇಕು, ನೆಂಟರಿಗೆಲ್ಲ ಹೇಳುವ ಕೆಲಸ ನಾನೇ ತಗೊಂಡೆ. ಆಸ್ಪತ್ರೆಯವರು ನೆಂಟರಿಗೆ ಫೋನ್ ಮಾಡಲ್ಲ. ಮನೆಯವರಲ್ಲೇ ಒಬ್ಬರು ಮಾಡಬೇಕು. ಅಪ್ಪನ ಹಳೇ ಲೆಡ್ಜರಿನಲ್ಲಿ ಪಟ್ಟಿ ಮಾಡಿದೆವು. 23 ಹೆಸರು. ಅಜ್ಜಿಯ ತವರಿನವರೂ ಸೇರಿ.

ಹಾಳೆಯಲ್ಲಿ ಒಂದು ಕಡೆ ಕೌನ್ಸೆಲರ್ ಜೋಡಿ ಗೆರೆ ಎಳೆದಿದ್ದರು. ಗಂಡ ಹೆಂಡತಿ ನಡುವೆ ಒಂದು ಗೆರೆ, ಅವರು ರಕ್ತಸಂಬಂಧಿಗಳಾದರೆ ಎರಡು. ಅದು ನನ್ನ ತಮ್ಮ ಮತ್ತು ಅವನ ಹೆಂಡತಿಯದ್ದು. ಅವಳು ಅದೇ ಸೋದರತ್ತೆಯ ಮಗಳು. ಅತ್ತೆ ಹೋದಾಗ ಅವಳಿಗೆ ಹನ್ನೆರಡು. ತಾಯಿ ಇಲ್ಲದ ಮಗು ಅಂತ ಅಪ್ಪನೇ ಮುಂದೆ ನಿಂತು ಸೊಸೆ ಮಾಡಿಕೊಂಡರು. ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಸಂಬಂಧ ಇಲ್ಲ. ಆದರೆ ಇಬ್ಬರಿಗೂ ಕೆಟ್ಟ ಪ್ರತಿ ಇದ್ದರೆ, ಮಗುವಿಗೆ ಎರಡೂ ಕಡೆಯಿಂದ ಅದೇ ಬಂದರೆ, ಫ್ಯಾಂಕೋನಿ ಅನೀಮಿಯಾ ಅಂತ ಮಕ್ಕಳಿಗೇ ಬರುವ ಕೆಟ್ಟ ಕಾಯಿಲೆ. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇದ್ದಾರಾ, ಹೆಬ್ಬೆರಳು ಸರಿಯಾಗಿದೆಯಾ, ರಕ್ತ ಕಡಿಮೆ ಇದೆಯಾ ಅಂತೆಲ್ಲ ಕೇಳಿದರು. ಎರಡೂ ಮಕ್ಕಳು ಗುಂಡುಕಲ್ಲಿನ ಹಾಗಿವೆ. ತಮ್ಮನದ್ದು ನೆಗೆಟಿವ್ ಬಂದ ಮೇಲೆ ಆ ಭಯ ಹೋಯಿತು. ಅವನ ಹೆಂಡತಿಯದ್ದು ಪಾಸಿಟಿವ್. ಅವಳಿಗಿದೆ ಅಂದಮೇಲೆ ಅತ್ತೆಗೂ ಇತ್ತು ಅಂತಾಯಿತು. ಮಕ್ಕಳಿಗೆ ಈಗ ಟೆಸ್ಟ್ ಇಲ್ಲ. ದೊಡ್ಡವರಾದ ಮೇಲೆ ಅವರೇ ನಿರ್ಧರಿಸಬೇಕು.

ತಮ್ಮನ ಹೆಂಡತಿಗೆ ಈಗ 39. ಬಿಆರ್‌ಸಿಎ2 ಕೆಟ್ಟಿದ್ದರೆ 80 ವರ್ಷ ತುಂಬೋದರೊಳಗೆ ಸ್ತನದ ಕ್ಯಾನ್ಸರ್ ನೂರಕ್ಕೆ ಸುಮಾರು 69 ಜನಕ್ಕೆ, ಅಂಡಾಶಯದ್ದು ಸುಮಾರು 17 ಜನಕ್ಕೆ ಬರುತ್ತೆ. ಹೆಚ್ಚಾಗಿ ಯುರೋಪ್ ಮೂಲದ ಮನೆತನಗಳನ್ನು ನೋಡಿ ಮಾಡಿದ ಲೆಕ್ಕ ಇದು. ಭಾರತದಲ್ಲಿ ಸಾಮಾನ್ಯ ಹೆಂಗಸಿಗೆ ಸ್ತನದ್ದು ಬರುವುದು 28-29 ಜನರಲ್ಲಿ ಒಬ್ಬರಿಗೆ. ಸ್ತನಕ್ಕೆ ವರ್ಷಕ್ಕೊಮ್ಮೆ ಎಂಆರ್‌ಐ ಮತ್ತು ಮ್ಯಾಮೋಗ್ರಾಂ ಸಾಕು, ಅಥವಾ ತೆಗೆಸಬಹುದು, ಅದು ಅವಳ ಇಷ್ಟ ಅಂದರು. ಅಂಡಾಶಯಕ್ಕೆ ಮಾತ್ರ ಹಾಗೆ ಅನ್ನಲಿಲ್ಲ. 40ರಿಂದ 45ರೊಳಗೆ ಅಂಡಾಶಯ, ಗರ್ಭನಳಿಕೆ ಎರಡೂ ತೆಗೆಸೋದು ಒಳ್ಳೆಯದು ಅಂದರು.

"ವರ್ಷಕ್ಕೊಂದು ಸ್ಕ್ಯಾನ್ ಮಾಡಿಸಿದ್ರೆ ಸಾಲದಾ?" ಅಂತ ಕೇಳಿದಳು ಅವಳು. ಸಾಲದು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಸಾಮಾನ್ಯ ಹೆಂಗಸರ ಮೇಲೆ ವರ್ಷಗಟ್ಟಲೆ ನಡೆದ ಪರೀಕ್ಷೆಯ ಫಲ 2021ರಲ್ಲಿ ಬಂತು. ಸ್ಕ್ಯಾನೂ ರಕ್ತ ಪರೀಕ್ಷೆಯೂ ಮಾಡಿಸಿದರೂ ಅಂಡಾಶಯದ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಕಡಿಮೆ ಆಗಲಿಲ್ಲ. "ನಂದು ಆಪರೇಷನ್ ಆಗಿದೆಯಲ್ಲ, ಮತ್ತೆ ನಳಿಕೆ ಎಲ್ಲಿಂದ ಬಂತು?" ಅಂದಳು ಆಮೇಲೆ. ಎರಡನೇ ಹೆರಿಗೆಯಾದ ಮೇಲೆ ಆಗಿದ್ದ ಟ್ಯೂಬೆಕ್ಟಮಿ. ಈ ಪ್ರಶ್ನೆಗೆ ಕೌನ್ಸೆಲರ್ ಚಿತ್ರ ಬರೆದು ತೋರಿಸಿದರು. ಟ್ಯೂಬೆಕ್ಟಮಿಯಲ್ಲಿ ನಳಿಕೆಯ ನಡುವೆ ಕಟ್ಟುತ್ತಾರೆ ಅಥವಾ ತುಂಡು ಮಾಡುತ್ತಾರೆ. ತುದಿ ಹಾಗೇ ಇರುತ್ತೆ. ಸೆರಗಿನ ಕುಚ್ಚಿನ ಹಾಗೆ ಅಂಡಾಶಯದ ಕಡೆ ಬಿಚ್ಚಿಕೊಂಡಿರುವ ತುದಿ. ಅಂಡಾಶಯದ್ದು ಅನ್ನುವ ಕ್ಯಾನ್ಸರುಗಳಲ್ಲಿ ಬಹಳಷ್ಟು ನಿಜವಾಗಿ ಶುರುವಾಗೋದು ಆ ಕುಚ್ಚಿನಲ್ಲಿ ಅಂತ ಈಗ ಗೊತ್ತಾಗಿದೆ.

ಅವಳಿನ್ನೂ ತೀರ್ಮಾನ ಮಾಡಿಲ್ಲ. ಅಂಡಾಶಯ ತೆಗೆದರೆ ಮಾರನೇ ದಿನಕ್ಕೇ ಮುಟ್ಟು ನಿಂತ ಹಾಗೆ. ಮೈ ಧಗಧಗ, ನಿದ್ದೆ ಇಲ್ಲ, ಮೂಳೆ ಸವೆತ. ಮನೆಯಲ್ಲಿ ರೊಟ್ಟಿ ಬಡಿಯೋದು, ಹೊಲಕ್ಕೆ ಬುತ್ತಿ ಕಳಿಸೋದು ಯಾರು ಅಂತ ಅವಳ ಯೋಚನೆ. ನಾನು ಒತ್ತಾಯ ಮಾಡಲ್ಲ. ಮಾಡಬೇಕು ಅನ್ನಿಸುತ್ತೆ, ಆದರೆ ನಾನು ನೆಗೆಟಿವ್ ಬಂದವಳು, ಯಾವ ಬಾಯಲ್ಲಿ ಹೇಳಲಿ.

23ರಲ್ಲಿ ಈವರೆಗೆ ಒಂಬತ್ತು ಜನ ಮಾಡಿಸಿದ್ದಾರೆ. ಕೆಲವರು "ಆಯ್ತಮ್ಮ ನೋಡೋಣ" ಅಂದರು. ಒಬ್ಬರು ನಂಬರ್ ಬ್ಲಾಕ್ ಮಾಡಿದರು. ಭಾವ ಮೊದಲ ದಿನವೇ ಇನ್ಶೂರೆನ್ಸ್ ಬಗ್ಗೆ ಕೇಳಿದ್ದರು. ಜೀನ್ ನೋಡಿ ಹೆಲ್ತ್ ಇನ್ಶೂರೆನ್ಸ್ ತಡೆಯಬಾರದು ಅಂತ ಅಮೆರಿಕದಲ್ಲಿ 2008ರಲ್ಲೇ ಬೇರೆ ಕಾನೂನು ಬಂತು. ನಮ್ಮಲ್ಲಿ ಹಾಗೆ ಇದಕ್ಕೇ ಅಂತ ಒಂದು ಕಾನೂನಿಲ್ಲ. ಅಂಥ ಭಯದವರಿಗೆ ನಾನು ಏನಂತ ಧೈರ್ಯ ಹೇಳಲಿ?

ಚಿಕ್ಕಪ್ಪ ಮಾತ್ರ ನೇರವಾಗಿ ಬೇಡ ಅಂದರು. "ಮಗಳ ಮದುವೆ ಆಗೋವರೆಗೆ ಈ ಮಾತು ಎತ್ತಬೇಡ" ಅಂತ. ಆ ಮಗಳಿಗೆ 27, ಬೆಂಗಳೂರಲ್ಲಿ ಕೆಲಸ. ಗಂಡು ನೋಡುತ್ತಿದ್ದಾರೆ. ನಾನು ಅವಳಿಗೇ ಫೋನ್ ಮಾಡಿದೆ. ಅವಳು ನನಗಿಂತ ಚೆನ್ನಾಗಿ ಓದಿಕೊಂಡಿದ್ದಳು. "ಅಕ್ಕಾ, ಟೆಸ್ಟ್ ಮಾಡಿಸಿ ಇದೆ ಅಂತ ಗೊತ್ತಾದ್ರೆ ಗಂಡಿನ ಕಡೆಯವರಿಗೆ ಹೇಳ್ಬೇಕು. ಮುಚ್ಚಿಟ್ರೆ ಮೋಸ. ಮಾಡಿಸದೇ ಇದ್ರೆ ನಾನು ಸುಳ್ಳು ಹೇಳಿದ ಹಾಗಾಗಲ್ಲ" ಅಂದಳು. ತಕ್ಷಣ ಏನು ಹೇಳಬೇಕೋ ಗೊತ್ತಾಗಲಿಲ್ಲ. ಅವಳ ಲೆಕ್ಕದಲ್ಲಿ ತಪ್ಪಿಲ್ಲ. ಎಂಆರ್‌ಐ ಶುರು ಮಾಡುವ ವಯಸ್ಸು 25 ಅಂತ ಹೇಳಿದೆ. ಗೊತ್ತು ಅಂದಳು. ಗಂಡಿನ ಕಡೆಯವರ ಮನೆಯಲ್ಲಿ ಯಾರು ಯಾರು ಏನಾಗಿ ಸತ್ತರು ಅಂತ ಅವರು ನಮಗೆ ಹೇಳ್ತಾರಾ ಅಂತ ಕೇಳಿದೆ. ನಕ್ಕಳು. ಆಮೇಲೆ ಅಜ್ಜಿಯ ತವರಿನ ಸಮಾಚಾರ ಕೇಳಿದಳು. ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿಯ ಮಾತು ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು ಫೋನ್ ಇಟ್ಟಳು.

ಅದಾಗಿ ಐದು ತಿಂಗಳು. ಮೊನ್ನೆ ರಾತ್ರಿ ಹತ್ತೂವರೆಗೆ ಒಂದು ಮೆಸೇಜ್ ಬಂತು.

"ಅಕ್ಕಾ, ಆ ರಕ್ತ ಕೊಡೋಕೆ ಖಾಲಿ ಹೊಟ್ಟೇಲಿ ಹೋಗ್ಬೇಕಾ?"

"ಬೇಡ, ತಿಂಡಿ ತಿಂದುಕೊಂಡೇ ಹೋಗು" ಅಂತ ಬರೆದೆ. ನೀಲಿ ಗೆರೆ ಎರಡು ಬಂತು. ಮತ್ತೆ ಅವಳು ಏನೂ ಬರೆಯಲಿಲ್ಲ, ನಾನೂ ಕೇಳಲಿಲ್ಲ.